ಒಂದೇ ಈಡಿನ ಬಂದೂಕು ಕೊಳ್ಳುವ ಮುಂಚೆ

ಮನೆತನದಲ್ಲಿ ಒಬ್ಬ ಪತ್ರಿಕೆಯವನಿದ್ದರೆ ನೆಂಟರಿಗೆಲ್ಲ ಅವನು ಅರ್ಧ ವಕೀಲ, ಅರ್ಧ ತಹಶೀಲ್ದಾರ. ಪಹಣಿಯಲ್ಲಿ ಹೆಸರು ತಪ್ಪಿದರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಹುಡುಗನ ಮಾರ್ಕ್ಸ್ ಕಾರ್ಡ್ ಬರದಿದ್ದರೆ ಮೊದಲ ಫೋನು ಬರುವುದು ನಮ್ಮಂಥ ಸ್ಟ್ರಿಂಜರ್‌ಗಳಿಗೇ. ಆದರೆ ಕುರುಗೋಡಿನ ನಮ್ಮ ಸೋದರಮಾವ ತಂದ ಈ ಕೆಲಸ ಪತ್ರಿಕೋದ್ಯಮ ಡಿಪ್ಲೊಮಾದ ಪಾಠದಲ್ಲೂ ಇರಲಿಲ್ಲ, ಇಷ್ಟು ವರ್ಷದ ವರದಿಗಾರಿಕೆಯಲ್ಲೂ ಎದುರಾಗಿರಲಿಲ್ಲ. "ಸಿರುಗುಪ್ಪದಾಗ ಒಂದು ಸಿಂಗಲ್ ಶಾಟ್ ರೈಫಲ್ ಮಾರಾಟಕ್ಕೈತಂತ. ನೋಡಿ ಬರೂಣು, ಬರ್ರಿ" ಎಂದರು.

ಬರ್ರಿ ಎಂದದ್ದು ಅವರ ಮಗನಿಗೂ ಸೇರಿ. ಹಾಗಾಗಿ ಈ ಬರಹದಲ್ಲಿ 'ನಾವು' ಎಂದರೆ ಮಾವ, ಅವರ ಮಗ ಮತ್ತು ಇದನ್ನು ಬರೆಯುತ್ತಿರುವ ಸ್ಟ್ರಿಂಜರ್. ಮೂವರಲ್ಲಿ ಬಂದೂಕು ಹಿಡಿದು ಅಭ್ಯಾಸ ಇದ್ದದ್ದು ಮಾವನಿಗೆ ಮಾತ್ರ. ಅದೂ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ.

ಮಾವನಿಗೆ ಬಂದೂಕು ಯಾಕೆ ಬೇಕಾಯಿತು ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು. ಅವರ ಹೊಲ ಕುರುಗೋಡಿನ ಗುಡ್ಡದ ಬುಡದಲ್ಲಿದೆ. ದೊಡ್ಡಬಸವೇಶ್ವರನ ಜಾತ್ರೆಗೆ ಬಂದವರು ನೋಡಿರುತ್ತೀರಿ, ಊರಿನ ಬೆನ್ನಿಗೇ ಬಂಡೆಗಲ್ಲಿನ ಗುಡ್ಡಗಳಿವೆ. ಆ ಗುಡ್ಡಗಳಲ್ಲಿ ಕಾಡುಹಂದಿ ಇದೆ, ಕರಡಿ ಇದೆ, ಆಗೊಮ್ಮೆ ಈಗೊಮ್ಮೆ ಚಿರತೆಯ ಸುದ್ದಿಯೂ ಬರುತ್ತದೆ. ಮಾವ ಮೆಕ್ಕೆಜೋಳ, ಶೇಂಗಾ ಹಾಕುತ್ತಾರೆ. ತೆನೆ ಹಾಲುಗಟ್ಟಿದ ವಾರದಲ್ಲೇ ಹಂದಿಗಳಿಗೆ ಅದು ಹೇಗೋ ತಿಳಿಯುತ್ತದೆ. ಒಂದು ಹಿಂಡು ಒಂದು ರಾತ್ರಿ ಇಳಿದರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಟ್ರ್ಯಾಕ್ಟರ್ ಹೊಡೆದು ಹೋದಂತೆ ಸಾಲುಗಳು ಮಲಗಿರುತ್ತವೆ. ಶೇಂಗಾ ಹೊಲದ ಗತಿ ಇನ್ನೂ ಕೆಟ್ಟದು. ಮೂತಿಯಿಂದ ಮಡಿಯನ್ನೇ ಮಗುಚಿ ಹಾಕುತ್ತವೆ. ತಗಡು ಬಡಿದದ್ದಾಯಿತು, ಹಳೇ ಸೀರೆ ಕಟ್ಟಿದ್ದಾಯಿತು, ಪಟಾಕಿ ಹಚ್ಚಿದ್ದಾಯಿತು. ಮೂರು ದಿನ ಹೆದರಿದ ಹಂದಿ ನಾಲ್ಕನೇ ದಿನ ಪಟಾಕಿಯ ಸದ್ದಿನಲ್ಲೇ ಊಟ ಮಾಡಿತು.

ಸುತ್ತಲಿನ ಕೆಲವರು ಬೇಲಿ ತಂತಿಗೆ ನೇರವಾಗಿ ಕರೆಂಟು ಕೊಡುತ್ತಾರೆ. ಆ ತಂತಿಗೆ ಹಂದಿಯಷ್ಟೇ ಸುಲಭವಾಗಿ ಮನುಷ್ಯರೂ ಸಿಕ್ಕಿ ಸಾಯುತ್ತಾರೆ, ಅಂಥ ಸುದ್ದಿ ನಾವೇ ಬರೆದಿದ್ದೇವೆ. ಮಾವ ಆ ದಾರಿ ಹಿಡಿಯಲಿಲ್ಲ. ಅರ್ಜಿ ಹಾಕಿದರು, ಪಹಣಿ ಲಗತ್ತಿಸಿದರು, ಪೊಲೀಸ್ ವಿಚಾರಣೆಗೆ ನಿಂತರು, ತರಬೇತಿಯ ಪ್ರಮಾಣಪತ್ರ ಕೊಟ್ಟರು. ಕೊನೆಗೂ ಲೈಸೆನ್ಸ್ ಕೈಗೆ ಬಂತು. ಅದರಲ್ಲಿ ಬಂದೂಕಿನ ನಂಬರ್ ಬರೆಯುವ ಜಾಗ ಖಾಲಿ ಇತ್ತು. ಆ ಖಾಲಿ ಜಾಗ ತುಂಬಿಸಲಿಕ್ಕೆ ನಾವು ಹೊರಟದ್ದು.

ಮೊದಲು ಹೆಸರಿನ ವಿಷಯ. ಮಾವ ಅದನ್ನು ರೈಫಲ್ ಅಂದರು, ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ಹಳಬರು ತುಪಾಕಿ ಅನ್ನುತ್ತಾರೆ. ಆದರೆ ನಳಿಗೆಯೊಳಗೆ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳಿದ್ದರೆ ಮಾತ್ರ ಅದು ರೈಫಲ್. ಆ ಗೀರು ಗುಂಡನ್ನು ತಿರುಗಿಸುತ್ತದೆ, ತಿರುಗುವ ಗುಂಡು ದೂರಕ್ಕೂ ನೇರಕ್ಕೂ ಹೋಗುತ್ತದೆ. ರೈತರ ಕೈಗೆ ಸಾಮಾನ್ಯವಾಗಿ ಸಿಗುವ 12 ಬೋರಿನ ಒಂಟಿ ನಳಿಗೆಯ ಬಂದೂಕಿಗೆ ಒಳಗೆ ಗೀರಿಲ್ಲ, ಕನ್ನಡಿಯಂತೆ ನಯ. ತೋಟಾದೊಳಗಿನ ಸಣ್ಣ ಗುಂಡುಗಳು ಚದುರಿ ಹೊರಡುತ್ತವೆ. 12 ಬೋರು ಎಂಬ ಲೆಕ್ಕವೂ ಹಳೆಯದು. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಗೋಲಿ ಮಾಡಿದರೆ ಒಂದು ಗೋಲಿ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು. ಅಂದರೆ ಸುಮಾರು 18.5 ಮಿಲಿಮೀಟರ್.

ಈ ಗೀರು ಇದೆಯೋ ಇಲ್ಲವೋ ಎಂಬುದರ ಮೇಲೆ ಕಾನೂನೂ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿದರೆ, ರಕ್ಷಣೆಗೋ ಕ್ರೀಡೆಗೋ ಕೇಳಿದ, 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು, ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕು, ಇವೆರಡಕ್ಕೂ ಒಂದು ಸಡಿಲಿಕೆ ಇದೆ. ರೈಫಲ್ ವಿಷಯ ಬಂದಾಗ ಕಾನೂನಿನ ಕೈ ಬಿಗಿ. ಈ ಅನುಮಾನ ಹಳೆಯದು. 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಯಿಂದ ಗೀರಿನ ಬಂದೂಕು ಕಿತ್ತುಕೊಂಡು ನಯ ನಳಿಗೆಯವನ್ನು ಕೊಟ್ಟರು. ಸಿಪಾಯಿಯ ಗುಂಡು ದೊರೆಯ ಗುಂಡಿನಷ್ಟು ದೂರ ಹೋಗಬಾರದು ಎಂಬುದೇ ಲೆಕ್ಕ. ಮುಂದೆ ಇಚ್ಛಾಪುರದ ಕಾರ್ಖಾನೆಯಲ್ಲಿ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನೇ ಬದಲಿಸಿ .410 ಬೋರಿನ, ಒಮ್ಮೆಗೆ ಒಂದೇ ಈಡಿನ ಮಸ್ಕೆಟ್ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಹೊರಗೆ ನೋಡಿದರೆ ರೈಫಲ್, ಒಳಗೆ ಬರೀ ಕೊಳವೆ.

ಕರ್ನಾಟಕದವರಿಗೆ ಈ ಕಥೆಯ ಇನ್ನೊಂದು ಮುಖ ಶಾಲೆಯಿಂದಲೇ ಗೊತ್ತು. ಅದೇ 1857ರಲ್ಲಿ ನಿಶ್ಶಸ್ತ್ರೀಕರಣದ ಹುಕುಂ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದು ತಿರುಗಿಬಿದ್ದರು. ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು, ಕಥೆ ಲಾವಣಿಯಾಗಿ ಉಳಿಯಿತು. ಆಮೇಲೆ ಬಂದ 1878ರ ಶಸ್ತ್ರ ಕಾಯ್ದೆ ಲೈಸೆನ್ಸ್ ಎಂಬ ಪದವನ್ನು ಹಳ್ಳಿ ಹಳ್ಳಿಗೆ ತಂದಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅಂದಿನಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಬಳ್ಳಾರಿಯ ರೈತನಿಗೆ ಅಂಥ ವಿನಾಯಿತಿ ಇಲ್ಲ. ಕಾಗದ ಇಲ್ಲದೆ ಬಂದೂಕಿಲ್ಲ.

ಅದಕ್ಕೇ ಸಿರುಗುಪ್ಪಕ್ಕೆ ಹೊರಟಾಗ ನಾವು ಮೊದಲು ನೋಡಬೇಕೆಂದುಕೊಂಡದ್ದು ಬಂದೂಕನ್ನಲ್ಲ, ಕಾಗದವನ್ನು. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಭತ್ತ. ತುಂಗಭದ್ರೆಯ ನೀರು ಕುಡಿದ ಗದ್ದೆಗಳು, ನಡುವೆ ರೈಸ್ ಮಿಲ್ಲುಗಳ ಚಿಮಣಿ. ಮಾರುವ ಯಜಮಾನರು ಎಪ್ಪತ್ತು ದಾಟಿದವರು, ಹೊಳೆ ದಂಡೆಯಲ್ಲಿ ಗದ್ದೆ ಇದ್ದವರು. ಮಕ್ಕಳು ಬೆಂಗಳೂರಿನಲ್ಲಿ. ಗದ್ದೆ ಲಾವಣಿಗೆ ಕೊಟ್ಟಿದ್ದರು. "ಕಣ್ಣು ಕಾಣವಲ್ಲದು, ಇನ್ನ ಇದನ್ನ ಇಟಗಂಡು ಏನ್ ಮಾಡ್ಲಿ" ಎಂದು ಕಬ್ಬಿಣದ ಬೀರುವಿನಿಂದ ಬಟ್ಟೆ ಸುತ್ತಿದ ಬಂದೂಕು ತೆಗೆದರು. ಚಹಾ ಬರುವ ಮುಂಚೆ ನಾವು ಲೈಸೆನ್ಸ್ ಪುಸ್ತಕ ಕೇಳಿದೆವು. ಅವರಿಗೆ ಬೇಜಾರಾಗಲಿಲ್ಲ, ಬದಲಿಗೆ ಖುಷಿಯಾಯಿತು. ಹಿಂದೆ ನೋಡಲು ಬಂದ ಇಬ್ಬರು ಲೈಸೆನ್ಸ್ ಸುದ್ದಿಯನ್ನೇ ಎತ್ತಿರಲಿಲ್ಲವಂತೆ. ಅವರನ್ನು ಬಾಗಿಲಿನಿಂದಲೇ ಕಳಿಸಿದ್ದರು.

ಕಾಗದದಲ್ಲಿ ನೋಡಬೇಕಾದ್ದು ಇಷ್ಟು. ಲೈಸೆನ್ಸಿನ ಅವಧಿ ಮುಗಿದಿಲ್ಲವೇ. 2019ರ ತಿದ್ದುಪಡಿಯ ನಂತರ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿದಿದೆ. ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿದ ಗುರುತಿನ ಸಂಖ್ಯೆ ಪುಸ್ತಕದಲ್ಲಿ ಇದೆಯೇ. ಪುಸ್ತಕದಲ್ಲಿ ಬರೆದ ನಂಬರ್ ಬಂದೂಕಿನ ಮೇಲೆ ಒತ್ತಿದ ನಂಬರೇ ಹೌದೇ. ನಳಿಗೆಯ ಬುಡದಲ್ಲೂ ಒಡಲಿನ ಮೇಲೂ ಒಂದೇ ನಂಬರ್ ಇರಬೇಕು. ಒಂದು ಅಂಕಿಯಾದರೂ ಅರದಿಂದ ಉಜ್ಜಿದಂತೆ ಕಂಡರೆ ಚಹಾ ಕುಡಿಯದೆ ಎದ್ದು ಬರುವುದು ಒಳ್ಳೆಯದು. ಗುರುತು ಅಳಿಸಿದ ಬಂದೂಕು ಮಾರುವುದೂ ಕೊಳ್ಳುವುದೂ ಅಪರಾಧ. ನಳಿಗೆ ಗರಗಸದಿಂದ ಕುಯ್ದು ಮೋಟು ಮಾಡಿದ್ದರೆ ಅದೂ ಅಪರಾಧ. ಮಾವನ ಮಗ ದರ್ಜಿಯ ಟೇಪು ತಂದಿದ್ದ. ಅಳೆದ. 30 ಇಂಚು ಪೂರ್ತಿ ಇತ್ತು. ಯಜಮಾನರು ಮಾರುವ ಉದ್ದೇಶವನ್ನು ಬರವಣಿಗೆಯಲ್ಲಿ ಪೊಲೀಸ್ ಠಾಣೆಗೆ ಕೊಟ್ಟಿದ್ದ ಪ್ರತಿಯನ್ನೂ ತೋರಿಸಿದರು. ಲೈಸೆನ್ಸ್‌ದಾರ ತನ್ನ ಬಂದೂಕನ್ನು ಇನ್ನೊಬ್ಬ ಲೈಸೆನ್ಸ್‌ದಾರನಿಗೆ ಮಾರಬೇಕಾದರೆ ಹೀಗೆ ತಿಳಿಸಿ 45 ದಿನ ಕಾಯಬೇಕು. ಅಂದರೆ ಅವತ್ತು ನಾವು ನೋಡಬಹುದಿತ್ತು, ಒಯ್ಯುವಂತಿರಲಿಲ್ಲ.

ಕಾಗದ ಸರಿ ಇತ್ತು. ಇನ್ನು ಬಂದೂಕು.

ತರಬೇತಿಯಲ್ಲಿ ಮಾವನಿಗೆ ಹೇಳಿಕೊಟ್ಟ ಮೊದಲ ಪಾಠ, ಬಂದೂಕು ಯಾರು ಕೊಟ್ಟರೂ, ಖಾಲಿ ಐತಿ ಅಂತ ಯಾರು ಆಣೆ ಮಾಡಿದರೂ, ಕೈಗೆ ಬಂದ ಕೂಡಲೇ ತೆರೆದು ನೋಡುವುದು. ಮಾವ ನಳಿಗೆಯನ್ನು ಗೋಡೆಯ ಕಡೆ, ಜನ ಇಲ್ಲದ ದಿಕ್ಕಿಗೆ ಹಿಡಿದು, ಸನ್ನೆ ಒತ್ತಿ ಮಡಚಿದರು. ತೋಟಾ ಕೂರುವ ಮನೆ ಖಾಲಿ. ಆಮೇಲೇ ನಮ್ಮ ಕೈಗೆ ಕೊಟ್ಟರು.

ನೋಡಲಿಕ್ಕೆ ಏನು ಚಂದವಿತ್ತು ಅಂತೀರಿ. ಹಿಡಿಯ ಮರ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಭುಜಕ್ಕೆ ತಾಗುವ ಜಾಗ ನಲವತ್ತು ವರ್ಷದ ಅಂಗಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಹಳೇ ಬಂದೂಕು ಕೊಳ್ಳುವವರು ಇಲ್ಲೇ ಸೋಲುತ್ತಾರೆ. ಕಣ್ಣು ಮೊದಲು ಮರಕ್ಕೆ ಹೋಗುತ್ತದೆ. ಮರದಲ್ಲಿ ನೋಡಬೇಕಾದ್ದು ಅಂಗೈ ಹಿಡಿಯುವ ತೆಳುವಾದ ಕುತ್ತಿಗೆಯನ್ನು. ಸೀಳು ಬಿಡುವುದು ಅಲ್ಲೇ. ಎರಡೂ ಕಡೆ ಹಿಡಿದು ಸಣ್ಣಗೆ ತಿರುಚಿದರೆ ಕೂದಲೆಳೆಯಷ್ಟು ಬಿರುಕಿದ್ದರೂ ಬಾಯಿ ಬಿಡುತ್ತದೆ. ಇದರಲ್ಲಿ ಇರಲಿಲ್ಲ.

ಎರಡನೆಯದು ಕೀಲು. ಈ ಬಂದೂಕು ಮಡಚುವುದೇ ಒಂದು ಕೀಲಿನ ಮೇಲೆ. ಮುಚ್ಚಿದಾಗ ನಳಿಗೆಯ ಹಿಂಬದಿ ಒಡಲಿನ ಗೋಡೆಗೆ ಅಂಟಿ ಕೂರಬೇಕು. ಮುಂಗೈ ಮರವನ್ನು ಬಿಚ್ಚಿ, ಮುಚ್ಚಿ, ನಳಿಗೆ ಹಿಡಿದು ಅಲುಗಾಡಿಸಬೇಕು. ಟಕ್ ಟಕ್ ಅಂದರೆ ಕೀಲು ಸವೆದಿದೆ ಎಂದರ್ಥ. ನಳಿಗೆಗೂ ಗೋಡೆಗೂ ನಡುವೆ ಕಿಟಕಿಯ ಬೆಳಕು ತೂರಿದರೆ ಅಂಥದ್ದನ್ನು ಮುಖದ ಹತ್ತಿರ ಇಟ್ಟು ಹಾರಿಸಬಾರದು. ತೋಟಾ ಸಿಡಿದಾಗ ಒತ್ತಡ ಹಿಂದಕ್ಕೂ ತಳ್ಳುತ್ತದೆ, ಮುಖ ಇರುವುದು ಹಿಂದೆ. ಇದರ ಕೀಲು ಚೂರು ಸಡಿಲ ಇತ್ತು, ಆದರೆ ಬೆಳಕು ಕಾಣಲಿಲ್ಲ. ರಿಪೇರಿಯಾಗುವಂಥದ್ದು.

ಮೂರನೆಯದು ಕುದುರೆ ಮತ್ತು ಸೂಜಿ. ಇದಕ್ಕೆ ಹೊರಗೆ ಕಾಣುವ ಕುದುರೆ ಇತ್ತು. ಅರ್ಧಕ್ಕೆ ಎಳೆದು ನಿಲ್ಲಿಸಿದಾಗ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೂ ಬೀಳಬಾರದು. ಪೂರ್ತಿ ಎಳೆದಾಗ ಹಿಡಿಯ ತಳಕ್ಕೆ ಅಂಗೈಯಿಂದ ತಟ್ಟಿದರೂ ಬೀಳಬಾರದು. ಬಿದ್ದರೆ, ಬದುವಿನ ಮೇಲೆ ಎಡವಿದಾಗಲೂ ಹಾರುತ್ತದೆ. ತೋಟಾದ ಬೆನ್ನಿಗೆ ಬಡಿಯುವ ಸೂಜಿಯ ತುದಿ ದುಂಡಗಿರಬೇಕು, ಮೊಂಡಾಗಿಯೋ ಚೂಪಾಗಿಯೋ ಇರಬಾರದು. ಯಜಮಾನರು ಬಳಸಿ ಎಸೆಯದೆ ಇಟ್ಟಿದ್ದ ಖಾಲಿ ತೋಟಾದ ಬೆನ್ನು ನೋಡಿದೆವು. ಸೂಜಿಯ ಗುರುತು ನಟ್ಟನಡುವೆ ಬಿದ್ದಿತ್ತು. ಇದೆಲ್ಲ ಸರಿ.

ನಾಲ್ಕನೆಯದು ನಳಿಗೆ. ಮಡಚಿ, ಖಾಲಿ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಒಳಗೆ ಒಣ ಬಟ್ಟೆ ಎಳೆದು, ಹಿಂಬದಿಯಿಂದ ಬಾಗಿಲ ಬೆಳಕಿನ ಕಡೆ ಹಿಡಿದು ನೋಡಿದೆವು. ನಯವಾದ ನಳಿಗೆಯಲ್ಲಿ ಬೆಳಕು ಬಳೆ ಬಳೆಯಾಗಿ ಸಮನಾಗಿ ಕಾಣುತ್ತದೆ, ಬಾವಿಯ ಕಲ್ಲಿನ ಸುತ್ತುಗಳಂತೆ. ಬುಡದಿಂದ ಮುಕ್ಕಾಲು ಭಾಗ ಹಾಗೇ ಇತ್ತು. ಬಾಯಿಯ ಹತ್ತಿರ, ಒಂದು ಗೇಣು ಒಳಗೆ, ಒಂದು ಕಪ್ಪು ಉಂಗುರ. ಬಟ್ಟೆ ಮತ್ತೆ ಎಳೆದೆವು, ಹೋಗಲಿಲ್ಲ. ಮಾವ ಕಣ್ಣು ಮುಚ್ಚಿ ನಳಿಗೆಯ ಹೊರಮೈ ಮೇಲೆ ಎರಡು ಬೆರಳು ಎಳೆಯುತ್ತ ಬಂದರು. ಆ ಜಾಗದಲ್ಲಿ ಬೆರಳು ನಿಂತವು. "ಇಲ್ಲಿ ಉಬ್ಬೈತಿ" ಅಂದರು. ನಾವೂ ಮುಟ್ಟಿದೆವು. ಕಣ್ಣಿಗೆ ಕಾಣದಷ್ಟು ಸಣ್ಣ, ಬೆರಳಿಗೆ ತಪ್ಪದಷ್ಟು ದೊಡ್ಡ ಉಬ್ಬು.

ಯಜಮಾನರು ಸುಮ್ಮನಿದ್ದು ಆಮೇಲೆ ಹೇಳಿದರು. ಬಹಳ ವರ್ಷದ ಹಿಂದೆ ನಾಟಿ ಗದ್ದೆಯಲ್ಲಿ ಕಾಲು ಜಾರಿ ಬಿದ್ದಿದ್ದರು, ಬಂದೂಕಿನ ಬಾಯಿ ಕೆಸರಿಗೆ ಇಳಿದಿತ್ತು. ಹೊರಗೆ ಒರೆಸಿಕೊಂಡು ಅದೇ ರಾತ್ರಿ ಹಾರಿಸಿದ್ದರು. ಸದ್ದು ಬೇರೆ ಥರ ಬಂತು ಎಂಬುದು ಬಿಟ್ಟರೆ ಬೇರೇನೂ ಆಗಲಿಲ್ಲ ಎಂದೇ ಅವರು ತಿಳಿದಿದ್ದರು. ಆದದ್ದು ಇದು. ಬಾಯಲ್ಲಿ ಕೆಸರು ಕಟ್ಟಿಕೊಂಡಾಗ ಮುಂದೆ ಓಡುವ ಗುಂಡು ಅಲ್ಲಿ ತಡೆಯುತ್ತದೆ, ಒತ್ತಡ ಒಂದೇ ಜಾಗದಲ್ಲಿ ಗುಡ್ಡೆಯಾಗುತ್ತದೆ, ನಳಿಗೆ ತೆಳುವಾಗಿರುವುದೂ ಅಲ್ಲೇ. ಕಬ್ಬಿಣ ಸೀಳಲಿಲ್ಲ, ಉಬ್ಬಿ ನಿಂತಿತು. ಅವತ್ತು ಅವರ ಎಡಗೈ ಉಳಿದದ್ದೇ ದೊಡ್ಡದು. ಉಬ್ಬಿದ ಕಬ್ಬಿಣ ಮುಂದಿನ ಈಡಿಗೂ ಹೀಗೇ ತಡೆಯುತ್ತದೆ ಎಂದು ಯಾರೂ ಹೇಳಲಾರರು.

ಬೆಲೆಯ ಮಾತಿಗೆ ಹೋಗಲಿಲ್ಲ. ಯಜಮಾನರೇ "ಬ್ಯಾಡ ಬಿಡ್ರಿ, ಠಾಣೆಗೆ ಒಪ್ಪಿಸಿಬಿಡ್ತೀನಿ" ಎಂದರು. ಬೀಳ್ಕೊಡುವಾಗ ಗೇಟಿನ ತನಕ ಬಂದು ಇನ್ನೊಂದು ಮಾತು ಹೇಳಿದರು. ಅವರು ಹುಡುಗರಾಗಿದ್ದಾಗ ಎರೆಹೊಲಗಳಲ್ಲಿ ಎರೆಭೂತ ಹಕ್ಕಿ ಗುಂಪಾಗಿ ಇಳಿಯುತ್ತಿದ್ದವಂತೆ. ಮಾಂಸಕ್ಕೆಂದು ಹೊಡೆಯುವವರು ಬಂದೂಕು ಹಿಡಿದು ಎತ್ತಿನ ಗಾಡಿಯ ಮರೆಯಲ್ಲಿ ಬರುತ್ತಿದ್ದರಂತೆ. ಇವತ್ತು ಕರ್ನಾಟಕದಲ್ಲಿ ಆ ಹಕ್ಕಿ ಕಾಣಿಸಿದ ಸುದ್ದಿ ಬಂದರೆ ಅದು ಬಹುತೇಕ ಸಿರುಗುಪ್ಪ ತಾಲ್ಲೂಕಿನದೇ, ಅದೂ ಬೆರಳೆಣಿಕೆ. ಎರೆಭೂತ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಒಂದೇ ಈಡಿನ ಬಂದೂಕು ಅಂದರೆ ಸಣ್ಣ ಬಂದೂಕು ಎಂದು ನಾವು ತಿಳಿದಿರುತ್ತೇವೆ. ಒಂದೇ ಮೊಟ್ಟೆಯ ಹಕ್ಕಿಗೆ ಅದು ಸಣ್ಣದಾಗಿರಲಿಲ್ಲ.

ಮುಂದಿನ ವಾರ ಬಳ್ಳಾರಿಗೆ ಹೋದೆವು. ಲೈಸೆನ್ಸ್ ಇರುವ ವ್ಯಾಪಾರಿಯ ಅಂಗಡಿ. ಅಲ್ಲಿ ಹಳೆಯವೂ ಇದ್ದವು, ಹೊಸವೂ ಇದ್ದವು. ಸಿರುಗುಪ್ಪದ ಉಬ್ಬಿನ ವಿಷಯ ಹೇಳಿದಾಗ ಅಂಗಡಿಯ ಹಿರಿಯ ಮೆಕ್ಯಾನಿಕ್ ತಲೆಯಾಡಿಸಿ, ಉಬ್ಬನ್ನು ಬಡಿದು ಕೂರಿಸಿ ಬಣ್ಣ ಹಚ್ಚಿ ಮಾರುವವರೂ ಇದ್ದಾರೆ, ಅದಕ್ಕೇ ಹೊರಗೆ ನೋಡಿ ಕೊಳ್ಳಬಾರದು ಅಂದರು. ಅವರಿಂದ ಇನ್ನೆರಡು ವಿಷಯ ಕಲಿತೆವು.

ಒಂದು, ಪ್ರೂಫ್ ಮುದ್ರೆ. ನಳಿಗೆ ತಯಾರಾದ ಮೇಲೆ ಮಾಮೂಲಿಗಿಂತ ಜೋರಿನ ತೋಟಾ ಹಾರಿಸಿ, ತಡೆದುಕೊಂಡರೆ ಅದರ ಬುಡಕ್ಕೆ ಒತ್ತುವ ಗುರುತು ಅದು. ಅಜ್ಜಂದಿರ ಕಾಲದ ಕೆಲವು ವಿಲಾಯಿತಿ ಬಂದೂಕುಗಳು ಹೊಗೆ ಕಾರುವ ಕಪ್ಪು ಮದ್ದಿಗೆ ಮಾತ್ರ ಪರೀಕ್ಷೆಯಾದವು. ಇವತ್ತಿನ ಹೊಗೆರಹಿತ ಮದ್ದಿನ ತೋಟಾ ಅವಕ್ಕೆ ಹಾಕಬಾರದು. ಎರಡು, ತೋಟಾ ಮನೆಯ ಉದ್ದ. ಈಗಿನ 12 ಬೋರಿನ ತೋಟಾಗೆ ಸಾಮಾನ್ಯವಾಗಿ 70 ಮಿಲಿಮೀಟರ್ ಮನೆ ಬೇಕು. ಹಳೆಯವಕ್ಕೆ 65 ಇರುವುದುಂಟು. ಉದ್ದದ ತೋಟಾ ಗಿಡ್ಡ ಮನೆಗೆ ಸಲೀಸಾಗಿ ಒಳಗೆ ಹೋಗುತ್ತದೆ, ಅದೇ ಅಪಾಯ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಎರಡನ್ನೂ ಬುಡದ ಮೇಲೆ ಒತ್ತಿದ ಅಕ್ಷರಗಳಲ್ಲೇ ಓದಬಹುದು. ಭೂತಗನ್ನಡಿ ಒಂದಿದ್ದರೆ ಸಾಕು.

ಅಲ್ಲಿ ಒಂದು ಒಂಟಿ ನಳಿಗೆ ಸಿಕ್ಕಿತು. ಮರ ಸಪ್ಪೆ, ಹಿಡಿಗೆ ಗೀರು, ಹೊಳಪಿಲ್ಲ. ನಳಿಗೆಯೊಳಗೆ ಮಾತ್ರ ಬಾಯಿಯವರೆಗೂ ಬಳೆ ಬಳೆಯಾದ ಬೆಳಕು. ಕೀಲು ಗಟ್ಟಿ. ಕುದುರೆ ತಟ್ಟಿದರೆ ಅಲುಗಲಿಲ್ಲ. ಖಾಲಿ ತೋಟಾ ಹಾಕಿ ಮಡಚಿದರೆ ಹೊರಗೆ ತಳ್ಳುವ ತುಂಡು ಅದನ್ನು ಸರಿಯಾಗಿ ಎತ್ತಿಕೊಟ್ಟಿತು. ಮುದ್ರೆ, ನಂಬರ್, ಉದ್ದ ಎಲ್ಲ ಹೊಂದಿದವು. ಮಾವನ ಮಗನಿಗೆ ಅವತ್ತೇ ಮುಗಿಸಿಬಿಡಬೇಕೆಂದು ಆಸೆ. ಮಾವ ಮಾತ್ರ "ಒಂದು ವಾರ ಟೈಮ್ ಕೊಡ್ರಿ" ಅಂದು ಎದ್ದರು.

ಯಾಕೆ ಎಂದು ನಮಗೆ ತಿಳಿದದ್ದು ಆ ವಾರ ಕುರುಗೋಡಿನ ಹೊಲದಲ್ಲಿ ಎರಡು ರಾತ್ರಿ ಕೂತಾಗ. ಮಾವ ಅಟ್ಟಣೆ ಮೇಲೆ ಬರೀ ಬ್ಯಾಟರಿ ಹಿಡಿದು ಕೂರೋಣ ಎಂದರು. ಬಂದೂಕು ಇದ್ದಿದ್ದರೆ ಏನು ಮಾಡುತ್ತಿದ್ದೆವು ಎಂದು ನೋಡಲಿಕ್ಕೆ.

ಮೊದಲ ರಾತ್ರಿ ಒಂದು ಗಂಟೆ ಸುಮಾರಿಗೆ ಮೆಕ್ಕೆಜೋಳದಲ್ಲಿ ಸರಸರ ಸದ್ದು. ಮಾವ ಇಲ್ಲದ ಬಂದೂಕನ್ನು ಭುಜಕ್ಕೆ ಏರಿಸಿದಂತೆ ಕೈ ಎತ್ತಿದರು. ಬ್ಯಾಟರಿ ಬಿಟ್ಟಾಗ ಹಂದಿಯೇ, ಮರಿಗಳ ಸಮೇತ. ಓಡಿದವು. ಎರಡನೇ ರಾತ್ರಿ ಅದೇ ಹೊತ್ತು, ಅದೇ ಸದ್ದು, ಅದೇ ಬದಿ. ಮಾವ ಮತ್ತೆ ಕೈ ಎತ್ತಿದರು. ಬ್ಯಾಟರಿ ಬಿಡುವ ಮುಂಚೆಯೇ ಆ ಕಡೆಯಿಂದ ಕೆಮ್ಮು ಕೇಳಿತು. ಪಕ್ಕದ ಹೊಲದವನು. ತ್ರೀಫೇಸ್ ಕರೆಂಟು ಕೊಟ್ಟದ್ದು ರಾತ್ರಿ. ನೀರು ಕಟ್ಟಲು ಬಂದಿದ್ದವನು ಬದು ಒಡೆದಿದೆ ಎಂದು ಜೋಳದ ಸಾಲಿನಲ್ಲಿ ಬಗ್ಗಿ ಬರುತ್ತಿದ್ದ. ಬಗ್ಗಿದ ಮನುಷ್ಯ, ಜೋಳದ ಎತ್ತರ, ಕತ್ತಲು. ಆಮೇಲೆ ಬಹಳ ಹೊತ್ತು ಮೂವರೂ ಮಾತಾಡಲಿಲ್ಲ.

ನಮ್ಮ ಜಿಲ್ಲೆಯಲ್ಲಿ ರಾತ್ರಿ ಹೊಲದಲ್ಲಿ ಹಂದಿ ಮಾತ್ರ ಓಡಾಡುವುದಿಲ್ಲ. ಕರೆಂಟಿನ ವೇಳೆಗೆ ತಕ್ಕಂತೆ ಮನುಷ್ಯರೂ ಓಡಾಡುತ್ತಾರೆ. ಗುಡ್ಡದಿಂದ ಕರಡಿಯೂ ಇಳಿಯುತ್ತದೆ, ಅದಕ್ಕೆ ಗುಂಡು ತಾಗಿದರೆ ಕಾಯ್ದೆ ಒಂದು ಕಡೆ, ಗಾಯಗೊಂಡ ಕರಡಿ ಇನ್ನೊಂದು ಕಡೆ. ಹಂದಿಗಾದರೂ ಅಷ್ಟೆ. ಬಂದೂಕಿನ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯುವ ಅನುಮತಿ ಇದೆ ಎಂದಲ್ಲ. ಎರಡೂ ಬೇರೆ ಬೇರೆ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನಿಂತ ಬೆಳೆಗೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ ಅಧಿಕಾರ ಇರುವ ಅರಣ್ಯಾಧಿಕಾರಿ ಲಿಖಿತ ಆದೇಶ ಕೊಡಬೇಕು. ಅದಿಲ್ಲದೆ ಹೊಡೆದರೆ ಬೇಟೆ. ಬೆಳೆ ಹೋದದ್ದಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಬಹುದು. ಫೋಟೊ, ಪಹಣಿ, ಸ್ಥಳ ಪರಿಶೀಲನೆ ಇದ್ದರೆ ಹಣ ಬರುತ್ತದೆ. ಕಳೆದುಕೊಂಡಷ್ಟು ಬರುತ್ತದೆ ಎಂದು ಯಾವ ರೈತನೂ ಹೇಳುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿದೆವು. ಚುನಾವಣೆ ಘೋಷಣೆಯಾದರೆ ಲೈಸೆನ್ಸ್‌ದಾರರು ಬಂದೂಕು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ಬಳ್ಳಾರಿ ಕ್ಷೇತ್ರಕ್ಕೆ 2024ರ ಮೇ 7ರಂದು ಮತದಾನ ನಡೆದಾಗ ಹಾಗೇ, ಅದೇ ವರ್ಷ ನವೆಂಬರ್‌ನಲ್ಲಿ ಸಂಡೂರು ಉಪಚುನಾವಣೆ ಬಂದಾಗಲೂ ಸುದ್ದಿ ಬರೆದವರು ನಾವೇ. ಹಂದಿಗೆ ನೀತಿಸಂಹಿತೆ ಇಲ್ಲ. ಬಂದೂಕೊಂದನ್ನೇ ನಂಬಿದವನಿಗೆ ಆ ತಿಂಗಳುಗಳಲ್ಲಿ ಕಾವಲೇ ಇರುವುದಿಲ್ಲ.

ಮಾವ ವಾರದ ಕೊನೆಗೆ ಬಳ್ಳಾರಿಗೆ ಹೋಗಿ ಆ ಸಪ್ಪೆ ಮರದ ಬಂದೂಕನ್ನೇ ಕೊಂಡರು. ಅದರ ನಂಬರ್ ಲೈಸೆನ್ಸಿನ ಖಾಲಿ ಜಾಗಕ್ಕೆ ಏರಿತು. ಉಳಿದ ಹಣಕ್ಕೆ ಗುಡ್ಡದ ಬದಿಗೆ ಮಾತ್ರ ಸೌರ ಬೇಲಿ ಹಾಕಿಸಿದರು. ಅದು ಝಟಕಾ ಕೊಡುತ್ತದೆ, ಕೊಲ್ಲುವುದಿಲ್ಲ. ಬೇಲಿ ಅರ್ಧ ಕೆಲಸ ಮಾಡುತ್ತದೆ. ಉಳಿದದ್ದಕ್ಕೆ ಬಂದೂಕು, ಸದ್ದಿಗೆ ಮಾತ್ರ, ಬಾಯಿ ಬೋಳು ಗುಡ್ಡದ ಕಡೆ ಮೇಲಕ್ಕೆ. ಬೆಲೆ ಬಾಳಿತೇ ಎಂದು ಕೇಳಿದರೆ, ಪೂರ್ತಿ ಬಾಳಲಿಲ್ಲ, ಸುಮ್ಮನೆಯೂ ಹೋಗಲಿಲ್ಲ ಅನ್ನುತ್ತಾರೆ. ಶೇಂಗಾ ಮುಕ್ಕಾಲು ಉಳಿಯಿತು.

ಈಗ ಬಂದೂಕು ಕೊಳ್ಳುವವರು ನಮ್ಮನ್ನೂ ಕೇಳಲು ಶುರು ಮಾಡಿದ್ದಾರೆ. ಅವರಿಗೆ ಹೇಳುವುದು ಇಷ್ಟೆ. ಕಾಗದ ಮೊದಲು, ನಳಿಗೆ ಆಮೇಲೆ, ಮರ ಕೊನೆಗೆ. ಬಂದೂಕಿನ ಪರೀಕ್ಷೆಗೆ ಅರ್ಧ ಗಂಟೆ ಸಾಕು. ನಿಮ್ಮ ಹೊಲದ ಕತ್ತಲಲ್ಲಿ ಯಾರು ಯಾರು ಓಡಾಡುತ್ತಾರೆ ಎಂಬ ಪರೀಕ್ಷೆಗೆ ಎರಡು ರಾತ್ರಿಯಾದರೂ ಬೇಕು, ಅದನ್ನು ದುಡ್ಡು ಕೊಡುವ ಮುಂಚೆ ಮಾಡಿ. ಎರಡು ನಳಿಗೆ ಇದ್ದವನಿಗೆ ಇನ್ನೊಂದು ಈಡು ಇರುತ್ತದೆ, ತಪ್ಪು ಮನುಷ್ಯನಿಗೆ ತಾಗಿದ ಮೇಲೆ ಅದೂ ಉಪಯೋಗಕ್ಕೆ ಬರುವುದಿಲ್ಲ.

ಮಾವನ ಬೀರುವಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿದೆ. ಸುತ್ತಲಿನ ನಾಲ್ಕು ಹೊಲದವರ ಮೊಬೈಲ್ ನಂಬರ್. ತೋಟಾ ಹಾಕುವ ಮುಂಚೆ ನಾಲ್ವರಿಗೂ ಫೋನು ಹೋಗುತ್ತದೆ. "ಹೊಲದಾಗ ಅದೀಯೇನೋ?" ನಾಲ್ವರೂ ಇಲ್ಲ ಅಂದ ಮೇಲೇ ಕುದುರೆ ಎಳೆಯುವುದು. ಒಬ್ಬ ಫೋನು ಎತ್ತದಿದ್ದರೂ ಆ ರಾತ್ರಿ ಹಂದಿ ತಿಂದು ಹೋಗಲಿ ಎಂದು ಬಿಡುತ್ತಾರೆ.